ಹತ್ತೊಂಬತ್ತನೇ ಸಾಕ್ಷಿ

ಮಾರ್ಚ್ 5, 1984, ಸೋಮವಾರ

ಮಕ್ಬೂಲೆ ಅಕ್ಕಾ, ನಿನ್ನ ಮಂಡಿನೋವು ಹೇಗಿದೆ? ರಾಸಿಮ್ ಭಾವನ ಕೆಮ್ಮು ಇಳಿಯಿತೇ, ಇಲ್ಲ ಕೊಟ್ಟಿಗೆಯ ಹಿಂದೆ ನಿಂತು ಇನ್ನೂ ಸಿಗರೇಟು ಸೇದುತ್ತಿದ್ದಾನೆಯೇ? ಸೊಸೆ ನೆಜ್ಲಾಗೆ ಈಗ ಏಳು ತಿಂಗಳಲ್ಲವೇ, ಭಾರ ಎತ್ತಬಾರದೆಂದು ಹೇಳು. ಮೊಮ್ಮಗಳು ತುಲಾಯ್‌ಗೆ ಬಿದ್ದ ಮುಂದಿನ ಹಲ್ಲು ಮತ್ತೆ ಬಂದವೇ? ಆ ಕರಿಯ ಹೇಸರಗತ್ತೆ ಇನ್ನೂ ಒದೆಯುತ್ತದೆಯೇ? ಇಲ್ಲಿ ನಾನೂ ಸಾಬಿಹಾಳೂ ಚೆನ್ನಾಗಿದ್ದೇವೆ. ನನಗೆ ಏರುದಾರಿ ಹತ್ತುವಾಗ ಮಾತ್ರ ಉಸಿರು ಸ್ವಲ್ಪ ಕಟ್ಟುತ್ತದೆ.

ಇಷ್ಟೆಲ್ಲ ಕೇಳಿದೆನಾದರೂ ಈ ಕಾಗದ ನಿನಗೆ ಬರುವುದಿಲ್ಲ. ಇದು ಕಾಗದವೇ ಅಲ್ಲ, ಬೀದಿ ತಿರುವಿನ ಅಂಗಡಿಯಲ್ಲಿ ಕೊಂಡ ಶಾಲೆಮಕ್ಕಳ ನೋಟುಬುಕ್ಕು. ನಾನು ಅಕ್ಷರ ಕಲಿತದ್ದು ಸೈನ್ಯದಲ್ಲಿ, ಬೇರೆ ಸಿಪಾಯಿಗಳ ಮನೆಗೆ ಕಾಗದ ಬರೆದುಕೊಟ್ಟು. ಹಾಗಾಗಿ ಬರೆಯಲು ಕೂತರೆ ಕೈ ಮೊದಲು ಯಾರದಾದರೂ ಕ್ಷೇಮ ಕೇಳುತ್ತದೆ. ಇವತ್ತು ನಡೆದದ್ದನ್ನು ಎಲ್ಲಾದರೂ ಇಳಿಸಬೇಕು, ಹೆಂಡತಿ ಸಾಬಿಹಾಗೂ ಹೇಳಲು ಬಾಯಿ ಬರಲಿಲ್ಲ.

ಮೊದಲು ಚರ್ಚು, ಆಮೇಲೆ ಮಸೀದಿ, ಈಗ ಮ್ಯೂಸಿಯಂ ಆಗಿರುವ ನಮ್ಮ ಅಯಾಸೋಫ್ಯಾಕ್ಕೆ ಸೋಮವಾರ ರಜೆ. ಜನರಿರುವುದಿಲ್ಲ. ಅದು ನಾನು ಸಾಕ್ಷಿಗಳನ್ನು ನೋಡಿಬರುವ ದಿನ. ನಿನಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ: ಗೋಡೆಯಲ್ಲಿ ಬಿರುಕು ಕಂಡರೆ ಅದಕ್ಕೆ ಅಡ್ಡವಾಗಿ ಅಂಗೈ ಅಗಲದ ಬಿಳಿಗಾರೆಯ ಪಟ್ಟಿ ಹಾಕಿ ತಾರೀಕು ಕೆತ್ತುತ್ತೇವೆ. ಗೋಡೆ ಕೂದಲೆಳೆಯಷ್ಟು ಸರಿದರೂ ಆ ಪಟ್ಟಿ ಮುರಿಯುತ್ತದೆ. ಅದಕ್ಕೇ ನಮ್ಮವರು ಅದನ್ನು ಸಾಕ್ಷಿ ಎನ್ನುವುದು. ಅಂಥವು ನಲವತ್ತೇಳು ಇವೆ. ಮೂವತ್ತೊಂದು ವರ್ಷದಿಂದ ಅವನ್ನು ನೋಡುತ್ತಿದ್ದೇನೆ. ಒಂದೂ ಮುರಿದಿರಲಿಲ್ಲ. ಈ ಸೆಪ್ಟೆಂಬರಿಗೆ ನನ್ನ ನಿವೃತ್ತಿ, ಹಾಗೇ ಒಪ್ಪಿಸಿ ಹೋಗುತ್ತೇನೆ ಅಂದುಕೊಂಡಿದ್ದೆ.

ಉತ್ತರದ ಮೇಲ್ಪಡಸಾಲೆಯ ಹತ್ತೊಂಬತ್ತನೆಯದು ಇವತ್ತು ನಡುವೆ ಸೀಳಿತ್ತು.

ಬೀಗದ ಕೈ ಹಿಡಿದು ಬಂದಿದ್ದ ಕಾವಲುಗಾರ ಶಾಬಾನ್, ಮೇಸ್ತ್ರಿಗಳನ್ನೆಲ್ಲ ಉಸ್ತಾ ಎಂದೇ ಕರೆಯುವವನು, ಕೇಳಿದ, "ಏನ್ ಉಸ್ತಾ, ದೆವ್ವ ಕಂಡೋರ್ ಥರಾ ನಿಂತ್ಬಿಟ್ರಿ?"

"ದೀಪ ಹತ್ರ ತಾ."

ತಂದ. ನೋಡಿದ. ಅವನ ಬಾಯಿಯಲ್ಲೂ ತಮಾಷೆ ನಿಂತುಹೋಯಿತು. "ಉಸ್ತಾ, ಇದು ನಿಜವಾಗ್ಲೂ ಬೀಳುತ್ತಾ?"

"ಹದಿನಾಲ್ಕುನೂರು ವರ್ಷದಿಂದ ಎಲ್ರೂ ಅದನ್ನೇ ಕೇಳ್ತಾ ಬಂದಿದಾರೆ" ಎಂದೆ.

ಹೋದ ವಾರ ಬಂದ ನಿನ್ನ ಕಾಗದ ಕಪಾಟಿನ ಮೇಲಿದೆ. ಊರಿನ ಮೇಷ್ಟ್ರು ಮಕ್ಕಳಿಗೆ ಅಯಾಸೋಫ್ಯಾದ ಪಾಠ ಮಾಡಿದರಂತೆ, ನೀನು ಶಾಲೆಗೇ ಹೋಗಿ "ಅದನ್ನ ಬೀಳದ ಹಾಗೆ ನೋಡ್ಕೊಳ್ಳೋನು ನನ್ ತಮ್ಮ ನಿಯಾಜಿ" ಎಂದೆಯಂತೆ, ನನ್ನ ಸಾಕ್ಷಿಯ ಪಕ್ಕ ನಿಂತ ಫೋಟೋ ಒಂದು ತರಗತಿಗೆ ಬೇಕಂತೆ. ಎಲ್ಲಿ ನಿಂತು ತೆಗೆಸಲಿ, ಹೇಳು.

ಮಾರ್ಚ್ 7

ಮೇಲ್ಪಡಸಾಲೆಗೆ ಹಗ್ಗ ಕಟ್ಟಿದರು. ಪ್ರವಾಸಿಗಳು ಕೆಳಗಿನಿಂದಲೇ ಕತ್ತೆತ್ತಿ ನೋಡಿ ಹೋಗುತ್ತಾರೆ. ಊಟ ಸೇರಲಿಲ್ಲ.

ಮಾರ್ಚ್ 12, ಸೋಮವಾರ

ಅಕ್ಕಾ, ಹೊಸ ಎಂಜಿನಿಯರು ಬಂದಿದ್ದಾರೆ, ಹೆಂಗಸು. ಹೆಸರು ಮುಅಲ್ಲಾ. ಮೂವತ್ತೈದರ ಆಸುಪಾಸು, ಕೋಟಿನ ಜೇಬಿನ ತುಂಬ ಸೂರ್ಯಕಾಂತಿ ಬೀಜ. ಬೀಜ ಒಡೆದು ಸಿಪ್ಪೆಯನ್ನು ಇನ್ನೊಂದು ಜೇಬಿಗೇ ಹಾಕಿಕೊಳ್ಳುತ್ತಾಳೆ, ನೆಲದ ಮೇಲೆ ಒಂದೂ ಇಲ್ಲ. ಅದನ್ನು ನೋಡಿ ನನಗೆ ಅವಳ ಮೇಲೆ ಗೌರವ ಬಂತು.

ಸಾಕ್ಷಿಯ ಮುಂದೆ ತುಂಬ ಹೊತ್ತು ಕೂತಳು. ಆಮೇಲೆ ಹಳೆಯ ದಾಖಲೆ ಪುಸ್ತಕ ತೆರೆದಳು. "ಹತ್ತೊಂಬತ್ತು. ಜನವರಿ 1953. ಹಾಕಿದವರು ಹಾಚಿಕ್ ಉಸ್ತಾ. ಇವರು ಈಗ ಇದಾರಾ?"

"ಇಲ್ಲ. ಹೋಗಿ ಇಪ್ಪತ್ತೆರಡು ವರ್ಷ ಆಯ್ತು. ನನ್ನ ಗುರುಗಳು."

"ಇಟ್ಟಿಗೆ ಸಿಗೋವರೆಗೂ ಕೆರೆದು ಹಾಕಿದಾರೋ, ಹಳೇ ಗಾರೆ ಮೇಲೇ ಮೆತ್ತಿದಾರೋ? ಪಕ್ಕದಲ್ಲಿ ಗಾರೆ ಉಬ್ಬಿದೆ ನೋಡಿ. ವಯಸ್ಸಾದವರು, ಚಳಿಗಾಲ, ಬೇಗ ಮುಗಿಸೋಣ ಅಂದ್ಕೊಂಡಿರಬಹುದು."

ನಾನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದೆ.

ಏನೂ ಹೇಳಲಿಲ್ಲ ಅಕ್ಕಾ. ದೀಪ ಹಿಡಿದುಕೊಂಡು ನಿಂತಿದ್ದೆ.

ಮಾರ್ಚ್ 19

ಸಾಬಿಹಾ ಇವತ್ತು ತಾರ್ಹಾನಾ ಗಂಜಿಗೆ ನೀನು ಕಳಿಸಿದ ಬೆಳ್ಳುಳ್ಳಿ ಹಾಕಿದ್ದಳು. ಬಟ್ಟಲು ಮುಂದಿಟ್ಟು ಎದುರಿಗೇ ಕೂತಳು.

"ರೀ, ಹದಿನೈದು ದಿನದಿಂದ ಗೋಡೆ ನೋಡ್ಕೊಂಡು ಊಟ ಮಾಡ್ತಿದೀರ. ಅಲ್ಲಿ ಗೋಡೆ ನೋಡೋದು ಸಾಲದಾ? ಇಲ್ಲಿ ನಾನೊಬ್ಳು ಇದೀನಿ, ನನ್ನಲ್ಲೂ ಬೇಕಾದಷ್ಟು ಬಿರುಕಿದೆ, ನೋಡಿ."

ನಗು ಬಂತು. ಆದರೂ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ.

ಆ ಜನವರಿಯಲ್ಲಿ ನನಗೆ ಮೂವತ್ತು. ಹಾಚಿಕ್ ಉಸ್ತಾರ ಕೈಕೆಳಗೆ ಸೇರಿ ನಾಲ್ಕು ವರ್ಷವಾಗಿತ್ತು. ಸಮಾತ್ಯಾ ಬಡಾವಣೆಯ ಅರ್ಮೇನಿಯನ್ನರು ಅವರು, ದಪ್ಪ ಹುಬ್ಬು, ಮೃದು ಕೈ. ಆವತ್ತು ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಮೇಲ್ಪಡಸಾಲೆಗೆ ಹತ್ತುವ ಕಲ್ಲಿನ ಏರುದಾರಿಯ ಬುಡದಲ್ಲಿ ಒಲೆಯ ಹತ್ತಿರ ಕೂತು, "ಇಟ್ಟಿಗೆ ಸಿಗೋವರೆಗೂ ಕೆರಿ ನಿಯಾಜಿ. ಸಾಕ್ಷಿ ಗೋಡೆಗೆ ಅಂಟಬೇಕು, ಗೋಡೆ ತೊಟ್ಟಿರೋ ಅಂಗಿಗಲ್ಲ" ಎಂದು ಕಳಿಸಿದರು. ನಾನು ಮೊದಲ ಸಲ ಒಬ್ಬನೇ ಹತ್ತಿದೆ.

ಉಳಿಯಿಂದ ಗಾರೆ ಕೆರೆಯುತ್ತಿದ್ದೆ. ಸುಲ್ತಾನರ ಕಾಲದ ಹಳದಿ ಗಾರೆ, ನೂರು ವರ್ಷದ್ದು. ಫಕ್ಕನೆ ಮೂರು ಹರಳು ಎಗರಿ ಕಾಲ ಬಳಿ ಬಿದ್ದವು. ಗಾಜಿನ ಹರಳು, ಒಳಗೆ ಚಿನ್ನದ ತಗಡು. ಗಾರೆಯ ಹಿಂದೆ ಹಳೆಯ ಕಾಲದ ಹರಳುಚಿತ್ರವಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಅದೇ ದಿನಗಳಲ್ಲಿ ಕೆಳಗೆ ವಿದೇಶದವರು ಅಂಥ ಚಿತ್ರಗಳ ಮೇಲಿನ ಗಾರೆಯನ್ನು ಕೂದಲಿನ ಬ್ರಷ್ಷಿನಿಂದ ಸರಿಸುತ್ತಿದ್ದರು. ನಾನು ಉಳಿಯಿಂದ ಹೊಡೆದಿದ್ದೆ.

ಹೆದರಿದೆ. ಹೇಳಿದರೆ ಕೆಲಸ ಹೋಗುತ್ತದೆ, ಇನ್ನೂ ಕೆರೆದರೆ ಇನ್ನಷ್ಟು ಚಿನ್ನ ಹೋಗುತ್ತದೆ. ಮೂರೂ ಹರಳನ್ನು ಹಸಿ ಬಿಳಿಗಾರೆಯ ಹಿಂಭಾಗಕ್ಕೆ ಒತ್ತಿ, ಇಡೀ ಪಟ್ಟಿಯನ್ನು ಹಳೆಯ ಗಾರೆಯ ಮೇಲೆಯೇ ಮೆತ್ತಿಬಿಟ್ಟೆ. ಪದ್ಧತಿಯ ಪ್ರಕಾರ ಗುರುವಿನ ಗುರುತು ಕೆತ್ತಿದೆ. ಪುಸ್ತಕದಲ್ಲೂ ಅವರ ಹೆಸರೇ ಹೋಯಿತು. ಕೆಳಗಿಳಿದಾಗ ಅವರು ಕೇಳಿದ್ದು ಒಂದೇ, "ಅಂಟ್ತಾ?" ಅಂಟಿತು ಎಂದೆ.

ನೀನು ವಸಂತದಲ್ಲಿ ಒಲೆಗೆ ಹೊಸ ಮಣ್ಣು ಮೆತ್ತುವಾಗ ನನ್ನಿಂದ ಹಳೆಯದನ್ನೆಲ್ಲ ಕೆರೆಸುತ್ತಿದ್ದೆಯಲ್ಲ. "ಕೆರಿ, ಇನ್ನೂ ಕೆರಿ, ಕೈ ಸವೆದ್ರೆ ಮತ್ತೆ ಬೆಳೆಯುತ್ತೆ" ಎನ್ನುತ್ತಿದ್ದೆ. ಹಾಚಿಕ್ ಉಸ್ತಾರಿಗಿಂತ ಮೊದಲು ನನಗೆ ಇದನ್ನು ಹೇಳಿಕೊಟ್ಟವಳು ನೀನು. ಅದಕ್ಕೇ ನಿನಗೆ ಕಾಗದ ಬರೆಯಲಾಗುತ್ತಿಲ್ಲ.

ಏಪ್ರಿಲ್ 2, ಸೋಮವಾರ

ಇವತ್ತು ಒಳ್ಳೆಯ ಬಿಸಿಲು. ಗುಮ್ಮಟದ ಬುಡದ ನಲವತ್ತು ಕಿಟಕಿಗಳಿಂದಲೂ ಬೆಳಕು ಸುರಿಯುತ್ತಿತ್ತು. ಗುಮ್ಮಟವನ್ನು ಗೋಡೆಯಲ್ಲ, ಆ ಬೆಳಕೇ ಹೊತ್ತಿದೆಯೇನೋ ಅನ್ನಿಸುವ ಹೊತ್ತು ಅದು. ಶಾಬಾನ್ ಕೆಳಗೆ ಅಮೃತಶಿಲೆಯ ನೆಲದ ಮೇಲೆ ಬೆಂಚು ಹಾಕಿಕೊಂಡು ಬಳೆಯಾಕಾರದ ಸಿಮಿತ್ ರೊಟ್ಟಿ ತಿನ್ನುತ್ತಿದ್ದ. ಮುಅಲ್ಲಾ ಬಂದು ನನ್ನ ಪಕ್ಕ ಕೂತಳು, ಟೀ ತರಿಸಿದಳು.

"ಉಸ್ತಾ, ಗುಮ್ಮಟ ದುಂಡಗಿಲ್ಲ ಅಂತಾರಲ್ಲ, ಕಣ್ಣಿಗೆ ಕಾಣುತ್ತಾ?"

ಇದು ನನಗೆ ಇಷ್ಟದ ಪ್ರಶ್ನೆ. ಎಲ್ಲ ಮರೆತು ಶುರುಮಾಡಿದೆ. ಕಟ್ಟಿ ಇಪ್ಪತ್ತು ವರ್ಷ ತುಂಬಿತ್ತಷ್ಟೇ, ಮೊದಲ ಗುಮ್ಮಟ ಬಿತ್ತು. ಅದು ತೀರಾ ಚಪ್ಪಟೆಯಾಗಿತ್ತು, ಅದರ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳಿತ್ತು. ಮೊದಲು ಕಟ್ಟಿದವರಲ್ಲೊಬ್ಬನ ಬಂಧುವೇ ಬಂದು ಇನ್ನೂ ಎತ್ತರಕ್ಕೆ, ಕಡಿದಾಗಿ ಕಟ್ಟಿದ. ನಾಲ್ಕುನೂರು ವರ್ಷದ ಮೇಲೆ ಭೂಕಂಪಕ್ಕೆ ಪಶ್ಚಿಮದ ಭಾಗ ಬಿತ್ತು, ಆನಿ ಪಟ್ಟಣದಲ್ಲಿ ಚರ್ಚು ಕಟ್ಟಿ ಹೆಸರಾದ ಅರ್ಮೇನಿಯನ್ ಮೇಸ್ತ್ರಿ ಬಂದು ಅದನ್ನು ಎತ್ತಿದ. ಮತ್ತೆ ಮುನ್ನೂರೈವತ್ತು ವರ್ಷಕ್ಕೆ ಪೂರ್ವದ ಭಾಗ ಬಿತ್ತು, ಅದನ್ನು ಇನ್ಯಾರೋ ಕಟ್ಟಿದರು. ಮೂರು ಕಾಲದ ಮೂರು ಕೈ ಒಂದೇ ಗುಮ್ಮಟದಲ್ಲಿದೆ. ಒಂದು ಕಡೆಯಿಂದ ಅಳೆದರೆ ಇನ್ನೊಂದು ಕಡೆಗಿಂತ ಒಂದು ಗೇಣು ಹೆಚ್ಚು. "ಪಕ್ಕೆಲುಬಿನಂಥ ಆ ಕಮಾನು ನೋಡಿ, ಆಮೇಲೆ ಈಚಿನದು. ಇಲ್ಲಿ ಒಬ್ಬನ ಕೈ ಮುಗಿದು ಇನ್ನೊಬ್ಬನದು ಶುರುವಾಗುತ್ತೆ."

"ಯಾರು ಹೇಳ್ಕೊಟ್ರು?"

"ಹಾಚಿಕ್ ಉಸ್ತಾ. ಪಶ್ಚಿಮದ ಭಾಗಕ್ಕೆ ಬಂದ್ರೆ ಎದೆ ಉಬ್ಬಿಸಿ ನಿಂತ್ಕೊಳ್ಳೋರು. 'ಇದು ನಮ್ ಮಾವನ ಮನೆ ಕಡೆಯೋರದು' ಅನ್ನೋರು."

ಶಾಬಾನ್ ನಕ್ಕ. ಮುಅಲ್ಲಾಳೂ ನಕ್ಕಳು. ನಕ್ಕು ಮುಗಿಸಿ, "ಅಂಥವರು ಗಾರೆ ಮೇಲೆ ಸಾಕ್ಷಿ ಹಾಕಿದ್ರು ಅಂತ ವರದಿ ಬರೆಯೋಕೆ ಬೇಜಾರಾಗುತ್ತೆ" ಎಂದಳು. "ಆದ್ರೆ ಖಚಿತ ಇಲ್ಲದೇ ಬರೆಯೋ ಹಾಗೂ ಇಲ್ಲ. ಸಂರಕ್ಷಣಾ ಸಮಿತಿಯವರು ಗೋಡೆ ಸರೀತಿದೆ ಅಂತಾನೇ ತಿಳ್ಕೊಂಡಿದಾರೆ. ಕಬ್ಬಿಣದ ಊರುಗೋಲು ಕೊಡ್ತಾರಂತೆ. ಅಮೃತಶಿಲೆ ಅಂಚುಪಟ್ಟಿಲಿ ನಾಲ್ಕು ತೂತು ಕೊರೀಬೇಕು. ಮೇ ತಿಂಗಳಲ್ಲಿ ಶುರು."

ಆ ಕೆತ್ತನೆಯ ಅಂಚುಪಟ್ಟಿ ನಿನಗೆ ನೆನಪಿದೆಯೇ? ನೀನು ಇಲ್ಲಿಗೆ ಬಂದಿದ್ದಾಗ ನೋಡಿ, "ಇದು ಕಲ್ಲೋ ನನ್ ಮದುವೆ ಲೇಸೋ" ಎಂದಿದ್ದೆ. ಅದಕ್ಕೆ ನಾಲ್ಕು ತೂತು.

ಟೀ ತಣ್ಣಗಾಯಿತು.

ಏಪ್ರಿಲ್ 9, ಸೋಮವಾರ

ಹೇಳಿದೆ.

ಅವಳು ಮೇಲ್ಪಡಸಾಲೆಯಲ್ಲಿ ಒಬ್ಬಳೇ ಇದ್ದಳು. ಏರುದಾರಿ ಹತ್ತಿ ಬಂದ ಉಸಿರಲ್ಲೇ ಹೇಳಿದೆ. ನಿಂತು ಸುಧಾರಿಸಿಕೊಂಡಿದ್ದರೆ ಮತ್ತೆ ಹೇಳುತ್ತಿರಲಿಲ್ಲ.

"ಎಂಜಿನಿಯರಮ್ಮ, ಹತ್ತೊಂಬತ್ತನೇದು ಹಾಚಿಕ್ ಉಸ್ತಾ ಹಾಕಿದ್ದಲ್ಲ. ಆವತ್ತು ಅವರು ಮೇಲಕ್ಕೇ ಬರ್ಲಿಲ್ಲ. ಹಾಕಿದ್ದು ನಾನು. ಇಟ್ಟಿಗೆವರೆಗೂ ಕೆರೀಲಿಲ್ಲ."

ಅವಳ ಬಾಯಲ್ಲಿ ಬೀಜ ಹಾಗೇ ನಿಂತಿತು. "ಯಾಕೆ?"

"ಕೆರೀತಾ ಚಿನ್ನ ಬಂತು. ಮೂರು ಹರಳು ಬಿತ್ತು. ಹೆದರ್ಕೊಂಡು ಮುಚ್ಬಿಟ್ಟೆ. ಹರಳು ಆ ಪಟ್ಟಿ ಹಿಂದೇನೇ ಇವೆ."

"ಚಿನ್ನ ಇರೋದು ಮೂವತ್ತೊಂದು ವರ್ಷದಿಂದ ನಿಮಗೊಬ್ಬರಿಗೇ ಗೊತ್ತು?"

"ಹೌದು."

"ಮೊನ್ನೆ ನಾನು ನಿಮ್ಮ ಗುರುಗಳನ್ನ ಅಂದಾಗ್ಲೂ ಸುಮ್ನಿದ್ರಿ."

"ಹೌದು."

ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಹೇಳಿದಳು: "ಉಸ್ತಾ, ಮುರಿದಿದ್ದು ಬಿಡಿ. ಮೂವತ್ತೊಂದು ವರ್ಷ ಮುರೀದೆ ಇತ್ತಲ್ಲ, ಅದಕ್ಕೂ ಈಗ ಅರ್ಥ ಇಲ್ಲ. ಒಳಗೆ ಗೋಡೆ ಸರಿದಿದ್ರೂ ಅದು ಹೇಳ್ತಿರ್ಲಿಲ್ಲ. ಪ್ರತಿ ಸೋಮವಾರ ಹತ್ತಿ ಬಂದು ನೋಡ್ತಿದ್ರಲ್ಲ, ಏನು ನೋಡ್ತಿದ್ರಿ?"

"ಚೆನ್ನಾಗಿದೆಯಾ ಅಂತ."

"ಯಾರು? ಗೋಡೆನಾ, ನೀವಾ?"

ಇಬ್ಬರೂ ಇಳಿದು ಬಂದೆವು. ಇಳಿಯುವಾಗ ಕಲ್ಲು ಜಾರುತ್ತದೆ, ಒಂದು ತಿರುವಿನಲ್ಲಿ ಅವಳು ನನ್ನ ಮೊಣಕೈ ಹಿಡಿದುಕೊಂಡಳು.

ಏಪ್ರಿಲ್ 10

ಸಾಬಿಹಾಗೂ ಹೇಳಿದೆ. "ಇಷ್ಟೇನಾ?" ಎಂದಳು. "ನಾನು ಏನೋ ಕಾಯಿಲೆ ಅಂದ್ಕೊಂಡಿದ್ದೆ." ಆಮೇಲೆ ಬಾಗಿಲ ಹಿಂದೆ ನಿಂತು ತಲೆವಸ್ತ್ರದ ಬದಲು ನನ್ನ ಟವೆಲಿನಲ್ಲೇ ಕಣ್ಣು ಒರೆಸಿಕೊಂಡಳು. ಹೊಟ್ಟೆ ತುಂಬ ಉಂಡೆ. ಒಂಬತ್ತಕ್ಕೇ ನಿದ್ದೆ.

ಏಪ್ರಿಲ್ 30, ಸೋಮವಾರ

ಅಕ್ಕಾ, ಇವತ್ತಿನದನ್ನು ನಿಧಾನವಾಗಿ ಬರೆಯುತ್ತೇನೆ.

ಮುಅಲ್ಲಾ ಸಮಿತಿಯ ಮುಂದೆ ನಿಂತು ಊರುಗೋಲಿನ ಕೆಲಸವನ್ನು ಸೆಪ್ಟೆಂಬರಿನವರೆಗೆ ತಡೆದಳು. ಅದಕ್ಕೆ ನನ್ನ ಮಾತನ್ನೇ ಆಧಾರವಾಗಿ ಕೊಟ್ಟಳು. "ನಿಮ್ಮ ಹೆಸರು ಹೇಳ್ಬೇಕಾಯ್ತು" ಎಂದಳು. ಹೇಳಿ ಎಂದೆ. ಇಬ್ಬರು ಮೂವರು ನನ್ನನ್ನು ಕಂಡು ಬೇರೆ ಕಡೆ ನೋಡಿದರು, ಲೆಕ್ಕ ಪರಿಶೋಧಕರ ಥರ ಕನ್ನಡಕ ಹಾಕಿದ ಒಬ್ಬರು "ಮುದುಕನ ಕಥೆ" ಎಂದರಂತೆ. ಇವತ್ತು ಅವರೂ ಬಂದಿದ್ದರು.

ಸಾಕ್ಷಿಯನ್ನು ನಾನೇ ಬಿಡಿಸಿದೆ. ತೆಳ್ಳನೆಯ ಚಾಕು ತೂರಿಸಿದ್ದಷ್ಟೇ, ಹಿಂದಿನ ಹಳದಿ ಗಾರೆಯ ಸಮೇತ ಚಿಪ್ಪಿನಂತೆ ಕೈಗೆ ಬಂತು. ಮೇಲಿನ ಸೀಸದ ಛಾವಣಿಯಿಂದ ಯಾವಾಗಲೋ ನೀರು ಇಳಿದು ಗಾರೆ ಗೋಡೆಯನ್ನು ಬಿಟ್ಟಿತ್ತು. ಆ ಅಂಗಿ ಜಾರಿ ಸಾಕ್ಷಿ ಮುರಿದಿತ್ತು. ಮುಅಲ್ಲಾ ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಪುಡಿ ಊದಿದಳು. ಮೂರು ಹರಳು ದಾಳಿಂಬೆ ಬೀಜದ ಹಾಗೆ ಕೂತಿದ್ದವು.

ಕನ್ನಡಕದವರು ಕೆಮ್ಮಿದರು.

"ಮುಂದೆ ಗುರುಗಳ ಗುರುತು, ಹಿಂದೆ ಶಿಷ್ಯನದು" ಎಂದಳು ಮುಅಲ್ಲಾ. ಏಪ್ರಿಲ್ ಒಂಬತ್ತರ ನಂತರ ಅವಳು ನನ್ನೆದುರು ನಕ್ಕದ್ದು ಅದೇ ಮೊದಲು.

ಗೋಡೆಯ ಮೇಲೆ ಎರಡು ಅಂಗೈ ಅಗಲದ ಚಿನ್ನ. ಸಂತರಿಲ್ಲ, ರಾಣಿಯರಿಲ್ಲ, ಬರೀ ಚಿನ್ನದ ಬಯಲು, ಅಂಚಿಗೆ ಒಂದು ಹಸಿರು ಗೆರೆ. ಹರಳುಗಳನ್ನು ಸಮವಾಗಿ ಕೂರಿಸಿಲ್ಲ, ಪ್ರತಿಯೊಂದನ್ನೂ ಸ್ವಲ್ಪ ಕೆಳಕ್ಕೆ ಬಾಗಿಸಿದ್ದಾರೆ, ಕೆಳಗೆ ನಿಂತವರ ಕಡೆ ಬೆಳಕು ಬೀಳಲಿ ಎಂದು. ಒಂದು ಸಾಲು ಮಾತ್ರ ಸೊಟ್ಟಗೆ ಹೋಗಿ ಮತ್ತೆ ದಾರಿಗೆ ಬಂದಿದೆ. ಚಿನ್ನ ಮುಗಿಯುವಲ್ಲಿ ಹಳೆಯ ಸುಣ್ಣದ ಮೇಲೆ ಒಂದು ಹೆಬ್ಬೆರಳಿನ ಒತ್ತು. ಯಾರೋ ಕೆಲಸ ಮುಗಿಸಿ ಕೈ ಒರೆಸಿದ್ದಾರೆ.

ನನ್ನ ಹೆಬ್ಬೆರಳನ್ನು ಹತ್ತಿರ ಒಯ್ದೆ.

"ಮುಟ್ಟಬೇಡಿ ಉಸ್ತಾ."

"ಮುಟ್ಟಲ್ಲ ತಾಯಿ. ಅಳತೆ ನೋಡ್ದೆ."

ನನ್ನದಕ್ಕಿಂತ ಚಿಕ್ಕದು. ಸಾಲು ಸೊಟ್ಟಗಾದಾಗ ಅವನೂ ಹಿಂದೆ ತಿರುಗಿ ಗುರು ಬರುತ್ತಿದ್ದಾನೆಯೇ ಎಂದು ನೋಡಿರುತ್ತಾನೆ.

ಚಿನ್ನದಿಂದ ಒಂದು ಗೇಣು ಆಚೆ ಗಾರೆ ಕೆರೆದೆ. ಇಟ್ಟಿಗೆ ಸಿಕ್ಕಿತು. ಆಮೇಲೂ ಕೆರೆದೆ. "ಸಾಕು" ಎಂದಳು ಮುಅಲ್ಲಾ. "ಇನ್ನೊಂಚೂರು" ಎಂದೆ, ನಿನ್ನದೇ ದನಿಯಲ್ಲಿ. ಬಿರುಕಿಗೆ ಅಡ್ಡಲಾಗಿ ಈ ಸಲ ಗಾಜಿನ ಪಟ್ಟಿ ಹಾಕಿದೆವು, ಅದು ಬಿಳಿಗಾರೆಗಿಂತ ಬೇಗ ನಿಜ ಹೇಳುತ್ತದೆ. ಸೆಪ್ಟೆಂಬರಿನವರೆಗೆ ಅದು ಉಳಿದರೆ ಊರುಗೋಲು ಬೇಡ. ಮುರಿದರೆ ಗೋಡೆ ನಿಜವಾಗಿಯೂ ನಡೆಯುತ್ತಿದೆ ಎಂದರ್ಥ, ಆಗ ತೂತು ಕೊರೆಯಲೇಬೇಕು.

ತಾರೀಕು ಕೆತ್ತಿದೆ. ಮನೆಗೆ ಬಂದು ಕೈ ತೊಳೆಯುವಾಗ ನೆನಪಾಯಿತು, ಹೆಸರು ಕೆತ್ತುವುದೇ ಮರೆತಿದ್ದೆ. ಇರಲಿ.

ಮೇ 14, ಸೋಮವಾರ

ನಿನ್ನ ಕಾಗದ ಬಂತು. ನೆಜ್ಲಾಗೆ ಗಂಡು ಮಗುವಾಯಿತೆಂದು ಓದಿ ಸಾಬಿಹಾ ಬೀದಿಗೆಲ್ಲ ಹಲ್ವಾ ಹಂಚಿದಳು. ಕಾಗದದ ಕೊನೆಯಲ್ಲಿ ನೀನು ತುಲಾಯ್ ಕೈಲಿ ಬರೆಸಿದ್ದೀಯ: "ಫೋಟೋ ಎಲ್ಲಿ? ಸತ್ತಿದ್ರೆ ಸಾಬಿಹಾ ಕೈಲಿ ಎರಡು ಸಾಲು ಬರೆಸು." ಮಗುವಿಗೆ ಉಣ್ಣೆ ಟೋಪಿ ಕಳಿಸಿದ್ದೇವೆ. ಕಾಗದ ಮಾತ್ರ ಇಡಲಿಲ್ಲ. ಗಾಜು ಏನು ಹೇಳುತ್ತದೋ ನೋಡಿ ಬರೆಯುತ್ತೇನೆ.

ಈಗ ನಾನೂ ಮುಅಲ್ಲಾಳೂ ಉಳಿದ ನಲವತ್ತಾರನ್ನೂ ತಟ್ಟಿ ನೋಡುತ್ತಿದ್ದೇವೆ. ಬೆರಳ ಗೆಣ್ಣಿನಿಂದ ತಟ್ಟಿ ಕಿವಿ ಇಡುವುದು. ಗಟ್ಟಿ ಗೋಡೆಗೆ ಅಂಟಿದ್ದರೆ ಟಕ್ ಎನ್ನುತ್ತದೆ, ಹಿಂದೆ ಟೊಳ್ಳಿದ್ದರೆ ಹಳೆಯ ಕುಂಬಳಕಾಯಿಯ ಸದ್ದು. ನನ್ನ ಕಿವಿ ಮಂದವಾಗಿದೆ, ಅವಳದು ಚುರುಕು. ನಾನು ತಟ್ಟುತ್ತೇನೆ, ಅವಳು ಕೇಳುತ್ತಾಳೆ. ಶಾಬಾನ್ ಬಂದು, "ಏನು, ಕಲ್ಲಂಗಡಿ ಆರಿಸ್ತಿದೀರಾ? ನನಗೂ ಒಂದು ಹಣ್ಣಾಗಿರೋದು ನೋಡಿ" ಎನ್ನುತ್ತಾನೆ.

ಮೇ 21, ಸೋಮವಾರ

ನಲವತ್ತೈದು ಗಟ್ಟಿ. ಒಂದು ಟೊಳ್ಳು, ಮೂವತ್ತಮೂರನೆಯದು, ಪಶ್ಚಿಮದ ಕಿಟಕಿಯ ಕೆಳಗೆ.

ಅದು ನನ್ನದಲ್ಲ. ಹಾಚಿಕ್ ಉಸ್ತಾ ನನ್ನ ಕಣ್ಣೆದುರೇ ಹಾಕಿದ್ದು. ನಿಜ ಹೇಳಲೇ? ಮೊದಲು ಖುಷಿಯಾಯಿತು. ಆಮೇಲೆ ನಾಚಿಕೆಯಾಯಿತು. ಆಮೇಲೆ ನಾನೂ ಮುಅಲ್ಲಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಬರೀಲಾ?" ಎಂದಳು.

"ಬರೀರಿ ಮಗಳೇ. ನೀರು ಇಳಿದಿದೆ ಅಂತಾನೂ ಬರೀರಿ. ಅವರಿದ್ದಿದ್ರೆ ಮೊದಲು ಅವರೇ ನಗೋರು. 'ನಮ್ ಮಾವನ ಮನೆ ಕಡೆಯೋರೇ ಕಟ್ಟಿದ್ ಗೋಡೆ, ನನಗೇ ಹೀಗ್ ಮಾಡ್ತಲ್ಲಾ' ಅನ್ನೋರು."

ಅದನ್ನೂ ಇಟ್ಟಿಗೆಯವರೆಗೆ ಕೆರೆದು ಹೊಸದಾಗಿ ಹಾಕಿದೆವು. ಈ ಸಲ ಅವಳ ಕೈಯಿಂದಲೇ ಹಾಕಿಸಿದೆ. ಕರಣೆ ಹಿಡಿಯುವುದು ಇನ್ನೂ ಚಮಚ ಹಿಡಿದ ಹಾಗಿದೆ, ಆದರೆ ತಾಳ್ಮೆ ಇದೆ.

ಜೂನ್ 11, ಸೋಮವಾರ

ರಂಜಾನಿನ ಹನ್ನೊಂದನೇ ಉಪವಾಸ. ನೀರಿಲ್ಲದೆ ಏರುದಾರಿ ಹತ್ತುವುದು ಕಷ್ಟ, ಮೂರು ಕಡೆ ಕೂತೆ. ಗಾಜಿನ ಮೇಲೆ ಅಡ್ಡಗೆರೆ! ಶಾಬಾನನನ್ನು ಕೂಗಿದೆ. ಅವನು ಓಡಿ ಬಂದು, ಬೆರಳು ಆಡಿಸಿ, ಗೆರೆಯನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದ.

ಜೇಡರ ಎಳೆ.

"ಉಸ್ತಾ, ಇದನ್ನೂ ಪುಸ್ತಕದಲ್ಲಿ ಬರೀಲಾ? ಹಾಕಿದವರ ಹೆಸರು ಏನು ಹಾಕ್ಲಿ?"

ಉಪವಾಸದಲ್ಲಿ ಬೈಯಬಾರದೆಂದು ಸುಮ್ಮನಾದೆ.

ಜುಲೈ 9, ಸೋಮವಾರ

ಗಾಜು ಇದೆ. ಹರಳುಚಿತ್ರದ ತಜ್ಞರು ಬಂದು ಆ ಮೂರು ಹರಳನ್ನು ಅವುಗಳ ಗೂಡಿಗೇ ಕೂರಿಸಿದರು, ಬಾಗು ಸಮೇತ. ಯಾವುದು ಎಲ್ಲಿಯದೆಂದು ಈಗ ನನಗೇ ಗೊತ್ತಾಗುವುದಿಲ್ಲ. ಮಧ್ಯಾಹ್ನ ಟೊಮೆಟೊ, ಬಿಳಿ ಚೀಸು, ರೊಟ್ಟಿ ತಿಂದು ಎಲ್ಲರೂ ಸ್ತಂಭದ ನೆರಳಲ್ಲಿ ಮಲಗಿದೆವು. ಶಾಬಾನನ ಗೊರಕೆಯನ್ನು ಗುಮ್ಮಟ ತಿರುಗಿ ಅವನಿಗೇ ಕೇಳಿಸಿತು, ಯಾರೋ ಬಂದರೆಂದು ಎದ್ದು ಟೋಪಿ ಹಾಕಿಕೊಂಡ.

ಆಗಸ್ಟ್ 20

ಸೆಕೆ. ಗಾಜು ಇದೆ. ಹೋದ ಸೋಮವಾರ ನಾನು ಹತ್ತಲಿಲ್ಲ, ಮುಅಲ್ಲಾ ಹತ್ತಿ ನೋಡಿ ಬಂದಳು. ಮೂವತ್ತೊಂದು ವರ್ಷದಲ್ಲಿ ನಾನು ತಪ್ಪಿಸಿದ್ದು ಅದೇ ಮೊದಲಿರಬೇಕು, ಶಾಬಾನ್ ಹೇಳುವವರೆಗೂ ಹೊಳೆಯಲೇ ಇಲ್ಲ. ಸಾಬಿಹಾಳ ಜೊತೆ ಬದನೆಕಾಯಿ ಸುಟ್ಟು ಸಿಪ್ಪೆ ಸುಲಿಯುತ್ತಿದ್ದೆ.

ಸೆಪ್ಟೆಂಬರ್ 3, ಸೋಮವಾರ

ಅಕ್ಕಾ, ಈ ಪುಟ ಮುಗಿದರೆ ನೋಟುಬುಕ್ಕೂ ಮುಗಿಯುತ್ತದೆ.

ಬೆಳಿಗ್ಗೆ ಸಮಿತಿಯವರೆಲ್ಲ ಹತ್ತಿ ಬಂದರು. ಕನ್ನಡಕದವರು ದೀಪ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಗಾಜು ಇಡೀ ಇತ್ತು. ವಸಂತದ ತೇವ, ಬೇಸಿಗೆಯ ಕಾವು ಎರಡೂ ಅದರ ಮೇಲೆ ಹಾದು ಹೋಗಿವೆ. ಗೋಡೆ ನಿಂತಿದೆ. ಊರುಗೋಲು ಬೇಡವೆಂದು ಅಲ್ಲೇ ಬರೆದು ರುಜು ಮಾಡಿದರು. ಹಗ್ಗ ಬಿಚ್ಚಿದ್ದು ಶಾಬಾನ್. ಬಿಚ್ಚಿ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, "ಸದ್ಯ, ಹಿತ್ತಲಲ್ಲಿ ಬಟ್ಟೆ ಒಣಗಿ ಹಾಕೋಕೆ ಇದೇ ಬೇಕಿತ್ತು" ಎಂದ. ನಿನ್ನ ಲೇಸಿನ ಕಲ್ಲಿಗೆ ಒಂದು ಗೀರೂ ಇಲ್ಲ.

ಅವರು ಹೋದ ಮೇಲೆ ಮುಅಲ್ಲಾ ಹಳೆಯ ದಾಖಲೆ ಪುಸ್ತಕ ತೆರೆದು ಪೆನ್ನು ನನ್ನ ಕೈಗೆ ಕೊಟ್ಟಳು. ಹತ್ತೊಂಬತ್ತರ ಎದುರು ಬರೆದೆ: "ಇದನ್ನು ಹಾಕಿದವನು ನಿಯಾಜಿ. ಗಾರೆಯ ಮೇಲೆ ಹಾಕಿದ. ಹಾಚಿಕ್ ಉಸ್ತಾ ಕೆರೆಯಲು ಹೇಳಿದ್ದರು."

"ಕೊನೇ ಸಾಲು ಬೇಕಾ?" ಎಂದಳು.

"ಅದೇ ಬೇಕಾಗಿರೋದು ಮಗಳೇ."

ಹಬ್ಬ ಕಳೆದು ಮುಂದಿನ ಶುಕ್ರವಾರ ನನ್ನ ಕೊನೆಯ ದಿನ. ಬೀಳ್ಕೊಡುಗೆಗೆ ಏನೋ ಫಲಕ ಕೊಡಬೇಕೆಂದು ಕಚೇರಿಯಲ್ಲಿ ಮಾತಾಗಿತ್ತು, ಏಪ್ರಿಲ್ ನಂತರ ಆ ಮಾತು ನಿಂತಿತು. ನಿನಗೆ ಬೇಸರವಾಗಬಹುದು. ನಮ್ಮ ಮನೆಯಲ್ಲಿ ಮೊಳೆ ಹೊಡೆಯಲು ಒಳ್ಳೆಯ ಗೋಡೆಯೇ ಇಲ್ಲವೆಂದು ಸಾಬಿಹಾ ಹೇಳುತ್ತಾಳೆ. ಮುಅಲ್ಲಾ ಮಾತ್ರ ಸೋಮವಾರಗಳಲ್ಲಿ ಬಂದು ಹೋಗಬೇಕೆಂದು ಹೇಳಿದ್ದಾಳೆ, ತಟ್ಟಲು ಅವಳಿಗೆ ಗೆಣ್ಣು ಸಾಲದಂತೆ. ಮಂಡಿ ಒಪ್ಪಿದರೆ ಹೋಗುತ್ತೇನೆ.

ಬಕ್ರೀದಿಗೆ ಊರಿಗೆ ಬರುತ್ತಿರುವ ನಮ್ಮ ಬೀದಿಯ ದರ್ಜಿಯ ಕೈಲಿ ಈ ನೋಟುಬುಕ್ಕನ್ನು ಕಳಿಸುತ್ತಿದ್ದೇನೆ. ಮಾರ್ಚ್‌ನಲ್ಲಿ ಇದು ನಿನಗೆ ಬರುವುದಿಲ್ಲ ಎಂದು ಬರೆದಿದ್ದೆ, ಆ ಸಾಲನ್ನು ಹೊಡೆದುಹಾಕಬೇಕೆನ್ನಿಸಿತು, ಹಾಗೇ ಬಿಟ್ಟೆ. ತುಲಾಯ್ ಕೈಲಿ ಮೊದಲಿಂದ ಓದಿಸು. ಮಾರ್ಚ್ ಹತ್ತೊಂಬತ್ತರ ಪುಟ ಬಂದಾಗ ಭಾವನನ್ನು ಹೊರಗೆ ಕಳಿಸಬೇಡ, ಅವನೂ ಕೇಳಲಿ, ನಲವತ್ತು ವರ್ಷ ನಿನ್ನ ಬೈಗುಳ ಒಬ್ಬನೇ ತಿಂದಿದ್ದಾನೆ. ಶಾಲೆಯ ಮೇಷ್ಟ್ರು ಕೇಳಿದರೆ, ಅಯಾಸೋಫ್ಯಾವನ್ನು ಬೀಳದಂತೆ ನೋಡಿಕೊಂಡವನು ನಾನಲ್ಲ, ನಾನು ಅದನ್ನು ನೋಡುತ್ತಿದ್ದೆ ಅಷ್ಟೇ ಎಂದು ಹೇಳು. ಅಷ್ಟಕ್ಕೂ ಮಕ್ಕಳು ಸುಮ್ಮನಾಗದಿದ್ದರೆ ಫೋಟೋ ತೋರಿಸು, ನೋಟುಬುಕ್ಕಿನ ನಡುವೆ ಇಟ್ಟಿದ್ದೇನೆ. ಬೀಜ ತಿನ್ನುತ್ತಿರುವವಳು ಮುಅಲ್ಲಾ, ಕಣ್ಣು ಮುಚ್ಚಿರುವವನು ಶಾಬಾನ್, ನಡುವೆ ನಾನು. ಗಾಜಿನ ಪಟ್ಟಿ ನನ್ನ ಭುಜದ ಹಿಂದೆ ಮರೆಯಾಗಿಬಿಟ್ಟಿದೆ. ಎಡಗಡೆ ಬೆಳ್ಳಗೆ ಹೊಳೆಯುತ್ತಿರುವುದು ಕ್ಯಾಮೆರಾದ ದೋಷವಲ್ಲ, ಅದೇ ಚಿನ್ನ.

ನೀನು ಹೇಳಿಕೊಟ್ಟದ್ದನ್ನು ಒಂದೇ ಒಂದು ಸಲ ಮಾಡದೆ ಬಿಟ್ಟೆ ಅಕ್ಕಾ. ಏನು ಬೈಯಬೇಕೋ ಎಲ್ಲವನ್ನೂ ತುಲಾಯ್ ಕೈಲಿ ಬರೆಸು, ಒಂದಕ್ಷರ ಬಿಡದೆ. ಮಗುವಿನ ಹೆಸರನ್ನೂ ಬರೆ, ಎಲ್ಲರೂ ಮಗು ಮಗು ಎನ್ನುತ್ತೀರಿ, ಹೆಸರು ಹೇಳಿಯೇ ಇಲ್ಲ. ದರ್ಜಿ ಹಬ್ಬ ಮುಗಿಸಿ ಮುಂದಿನ ಗುರುವಾರದ ಹೊತ್ತಿಗೆ ಅಲ್ಲಿಂದ ಹೊರಡುತ್ತಾನೆ. ಅವನಿಗೆ ಟೀ ಕೊಟ್ಟು ಕೂರಿಸಿ, ಅವನು ಕುಡಿಯುವಷ್ಟರಲ್ಲೇ ಬರೆದು ಕಳಿಸು.